ಸಾಲು ಮರೆತರೂ ಹಾಡು ನಿಲ್ಲಬೇಕಿಲ್ಲ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲಿನ ಅರ್ಧ ಗಂಟೆ ನಮ್ಮ ಮನೆಯಲ್ಲಿ ಜಾಝ್ ಸಂಗೀತಕ್ಕೆ ಮೀಸಲು. ಕೇಳುಗರು ಮೂವರೇ: ನಾನು, ಏಳು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ಕೆಲವು ವಾರಗಳ ಹಿಂದೆ, ಎಲಾ ಫಿಟ್ಜ್‌ಜೆರಾಲ್ಡ್ 1960ರ ಫೆಬ್ರುವರಿಯಲ್ಲಿ ಬರ್ಲಿನ್ ನಗರದಲ್ಲಿ ಹಾಡಿದ ‘ಮ್ಯಾಕ್ ದಿ ನೈಫ್’ ಹಾಕಿದ್ದೆ. ಹಾಡಿನ ನಾಯಕ ಕೊಲೆಗಡುಕ. ಆದರೆ ಹಾಡಿನ ವೇಗದಲ್ಲಿ ಆ ಸಂಗತಿ ಮಕ್ಕಳ ಕೈಗೆ ಸಿಗುವುದಿಲ್ಲ, ಅಷ್ಟರಮಟ್ಟಿಗೆ ಕ್ಷೇಮ.

ಆ ಹಾಡಿನ ಮಧ್ಯದಲ್ಲಿ ಎಲಾ ಸಾಹಿತ್ಯ ಮರೆಯುತ್ತಾರೆ. ಜನ ತುಂಬಿದ ಸಭಾಂಗಣ, ಧ್ವನಿಮುದ್ರಣ ನಡೆಯುತ್ತಿದೆ, ಪಕ್ಕವಾದ್ಯದವರು ತಮ್ಮ ಪಾಡಿಗೆ ಮುನ್ನಡೆಯುತ್ತಿದ್ದಾರೆ. ಎಲಾ ನಿಲ್ಲುವುದಿಲ್ಲ. ಮರೆತೆನೆಂಬ ಸಂಗತಿಯನ್ನೇ ಲಯಕ್ಕೆ ಹೊಂದಿಸಿ ಹಾಡುತ್ತಾರೆ. ತಮಗಿಂತ ಮೊದಲು ಈ ಹಾಡು ಹಾಡಿ ಹೆಸರು ಮಾಡಿದ ಬಾಬಿ ಡಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ಹಾಡಿನೊಳಗೆ ಎಳೆದು ತರುತ್ತಾರೆ. ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯನ್ನು ಪ್ರೀತಿಯಿಂದ ಅಣಕಿಸುತ್ತಾರೆ. ಕೊನೆಗೆ ಹೇಗೋ ಹಾಡನ್ನು ದಡ ಮುಟ್ಟಿಸುತ್ತಾರೆ. ಸಾಲು ಮರೆತ ಆ ಹಾಡಿಗೇ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಇಷ್ಟನ್ನು ಮಕ್ಕಳಿಗೆ ಹೇಳಿದೆ. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜೀ, ಮರೆತಿದ್ದಕ್ಕೆ ಅವರಿಗೆ ಯಾರೂ ಬೈಯಲಿಲ್ವಾ?”

ಆ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. ಅದಕ್ಕೆ ಕೆಲವು ದಿನಗಳ ಹಿಂದೆ ಅವಳು ಮಕ್ಕಳ ಸಂಗೀತ ಸ್ಪರ್ಧೆಯೊಂದರಲ್ಲಿ ದೇವರನಾಮ ಹಾಡಲು ಹೋಗಿದ್ದಳು. ಎರಡನೆಯ ಚರಣದ ಮೊದಲ ಸಾಲು ಮರೆತುಹೋಯಿತು. ಮೈಕಿನ ಮುಂದೆ ಕಣ್ಣು ಪಿಳಿಪಿಳಿ ಬಿಡುತ್ತ ನಿಂತು, ಕೊನೆಗೆ ಇಳಿದು ಬಂದಳು. “ಅಷ್ಟು ಸಲ ಹೇಳಿಸಿದರೂ ಮರೆತೆಯಲ್ಲೇ” ಎಂಬ ಮಾತು ಅವಳನ್ನು ಮೆಟ್ಟಿಲ ಬಳಿಯೇ ಎದುರುಗೊಂಡಿತು. ಆ ಮಾತು ಆಡಿದವರು ಗುರುಗಳಲ್ಲ, ತೀರ್ಪುಗಾರರಲ್ಲ. ಆಡಿದವಳು ನಾನೇ.

ಜಾಝ್ ಕೇಳಿಸುವ ಅಜ್ಜಿಯಾಗಿ ಪತ್ರಿಕೆಗೆ ಬರೆಯಲು ಕೂರುವ ಮುನ್ನ ಈ ತಪ್ಪೊಪ್ಪಿಗೆ ಅಗತ್ಯವೆನಿಸಿತು. ಮಕ್ಕಳೊಂದಿಗೆ ಸಂಗೀತ ಹಂಚಿಕೊಳ್ಳುವುದು ಮೇಲ್ನೋಟಕ್ಕೆ ಬಿಡುವಿನ ವೇಳೆಯ ಹವ್ಯಾಸ. ಆದರೆ ತಪ್ಪು ಮಾಡಿದ ಮಗುವಿನ ಮುಂದೆ ನಾವು ಹೇಗೆ ನಿಲ್ಲುತ್ತೇವೆ ಎಂಬ ಪ್ರಶ್ನೆಯೂ ಅದರೊಳಗೇ ಅಡಗಿದೆ.

ನನಗೆ ಜಾಝ್ ಬಂದದ್ದು ಮೈಸೂರಿನಲ್ಲಿ, 1960ರ ದಶಕದಲ್ಲಿ. ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದ ಸೋದರಮಾವನ ಬಳಿ ಶಾರ್ಟ್‌ವೇವ್ ಹಿಡಿಯುವ ರೇಡಿಯೊ ಇತ್ತು. ರಾತ್ರಿ ಊಟವಾದ ಮೇಲೆ ಅವರು ‘ವಾಯ್ಸ್ ಆಫ್ ಅಮೆರಿಕ’ ಹುಡುಕುತ್ತಿದ್ದರು. ಗೊರಗೊರ ಸದ್ದಿನ ನಡುವೆ ಡ್ಯೂಕ್ ಎಲಿಂಗ್ಟನ್ ತಂಡದ ‘ಟೇಕ್ ದಿ ಎ ಟ್ರೇನ್’ ತೇಲಿ ಬಂದರೆ ವಿಲ್ಲಿಸ್ ಕಾನೋವರ್ ಅವರ ಕಾರ್ಯಕ್ರಮ ಆರಂಭವಾಯಿತೆಂದು ಅರ್ಥ. 1955ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಕಾನೋವರ್, ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೂ ತಿಳಿಯಲೆಂದು ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ ಮಾತನಾಡುತ್ತಿದ್ದರು. ಅಮೆರಿಕದ ಸರ್ಕಾರ ಹೊರದೇಶಗಳಿಗಾಗಿ ನಡೆಸುತ್ತಿದ್ದ ಆ ಪ್ರಸಾರವನ್ನು ತನ್ನ ನೆಲದಲ್ಲಿ ಬಿತ್ತರಿಸಲು ಅಲ್ಲಿನ ಕಾನೂನೇ ಬಿಡುತ್ತಿರಲಿಲ್ಲ. ಹಾಗಾಗಿ ಜಗತ್ತಿನ ಅರ್ಧಕ್ಕೆ ಪರಿಚಿತವಾಗಿದ್ದ ಆ ದನಿ ಸ್ವದೇಶದಲ್ಲಿ ಹೆಚ್ಚಿನವರಿಗೆ ಅಪರಿಚಿತವಾಗಿಯೇ ಉಳಿಯಿತು. ಶೀತಲಸಮರದ ಪ್ರಚಾರತಂತ್ರದಲ್ಲಿ ನಾವೂ ಒಂದು ಗುರಿಯಾಗಿದ್ದೆವು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಹಾಗೆಂದು ಆ ಸಂಗೀತದ ರುಚಿ ಕೆಡಲಿಲ್ಲ.

ಮಾವ ಏನನ್ನೂ ವಿವರಿಸುತ್ತಿರಲಿಲ್ಲ. ಇದು ಟ್ರಂಪೆಟ್, ಇದು ಕ್ಲ್ಯಾರಿನೆಟ್ ಎಂದು ಹೇಳಿದ ನೆನಪೂ ಇಲ್ಲ. ಕತ್ತಲಲ್ಲಿ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ನನಗೊಂದಿಷ್ಟು ಜಾಗ ಮಾಡಿಕೊಡುತ್ತಿದ್ದರು, ಅಷ್ಟೇ. ಬ್ಯಾಂಕಿನ ನೌಕರಿ ಸಿಕ್ಕಿ ನನ್ನದೇ ಸಂಪಾದನೆಯಲ್ಲಿ ಕ್ಯಾಸೆಟ್ ಕೊಳ್ಳತೊಡಗಿದಾಗ, ನಾನು ಆ ಪಾಠ ಮರೆತೆ. ನನ್ನ ಮಗನನ್ನು ಕೂರಿಸಿಕೊಂಡು ಜಾಝ್ ‘ಕಲಿಸಿದೆ’. ನ್ಯೂ ಆರ್ಲಿಯನ್ಸ್ ಶೈಲಿ ಯಾವುದು, ಸ್ವಿಂಗ್ ಯಾವುದು, ಬೆಬಾಪ್ ಯಾವುದು ಎಂದು ಪಟ್ಟಿ ಮಾಡಿ ಹೇಳಿದೆ. ಹಾಡು ನಿಲ್ಲಿಸಿ ಪ್ರಶ್ನೆ ಕೇಳಿದೆ. ಹನ್ನೆರಡನೆಯ ವಯಸ್ಸಿಗೆ ಅವನು ಕೋಣೆಯ ಬಾಗಿಲು ಹಾಕಿಕೊಳ್ಳಲು ಕಲಿತ. ಇವತ್ತಿಗೂ ಜಾಝ್ ಎಂದರೆ ಅವನಿಗೆ ಪರೀಕ್ಷೆಯ ಹಿಂದಿನ ರಾತ್ರಿಯ ನೆನಪಾಗುತ್ತದಂತೆ. ಒಂದು ಪ್ರೀತಿಯನ್ನು ಪಠ್ಯವಾಗಿಸಿದರೆ ಆಗುವ ನಷ್ಟ ಇದು. ಮೊಮ್ಮಕ್ಕಳ ರೂಪದಲ್ಲಿ ಎರಡನೆಯ ಅವಕಾಶ ಸಿಕ್ಕಿದೆ, ಎಲ್ಲರಿಗೂ ಸಿಗುವುದಿಲ್ಲ.

ಈ ಬಾರಿ ಹಾಕಿಕೊಂಡಿರುವ ನಿಯಮಗಳು ಸರಳ. ಮೊದಲನೆಯದು, ಹಾಡು ಚಿಕ್ಕದಿರಬೇಕು. ಹಳೆಯ ಜಾಝ್ ಮಕ್ಕಳಿಗೆ ಒಗ್ಗುವುದಕ್ಕೆ ತಂತ್ರಜ್ಞಾನದ ಒಂದು ಮಿತಿಯೇ ಕಾರಣ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಆರ್ಮ್‌ಸ್ಟ್ರಾಂಗ್ 1925ರಿಂದ 1928ರವರೆಗೆ ‘ಹಾಟ್ ಫೈವ್’, ‘ಹಾಟ್ ಸೆವೆನ್’ ತಂಡಗಳೊಂದಿಗೆ ಮುದ್ರಿಸಿದ, ಜಾಝ್ ಚರಿತ್ರೆಯ ದಿಕ್ಕನ್ನೇ ಬದಲಿಸಿದ ಹಾಡುಗಳೆಲ್ಲ ಈ ಅಳತೆಯವೇ. ನಾಲ್ಕು ವರ್ಷದ ಮಗುವಿನ ತಾಳ್ಮೆಯ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. 1928ರ ‘ವೆಸ್ಟ್ ಎಂಡ್ ಬ್ಲೂಸ್’ ಆರಂಭದಲ್ಲಿ ಟ್ರಂಪೆಟ್ ಒಂಟಿಯಾಗಿ ಮೆಟ್ಟಿಲೇರಿ ಇಳಿಯುವಾಗ ನನ್ನ ಮೊಮ್ಮಗ ಸೋಫಾ ಹತ್ತಿ ಧುಮುಕುತ್ತಾನೆ. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಎರಡನೆಯದು, ಕುಣಿಯಲು ಅಡ್ಡಿ ಮಾಡಬಾರದು. ಜಾಝ್ ಹುಟ್ಟಿದ್ದೇ ಮೆರವಣಿಗೆಯಲ್ಲಿ, ಕುಣಿತದ ಅಂಗಳದಲ್ಲಿ. ಕೈಕಟ್ಟಿ ಬಾಯಿಮುಚ್ಚಿ ಕೇಳುವ ಶಿಸ್ತು ಅದಕ್ಕೆ ಅಂಟಿಕೊಂಡದ್ದು ಆಮೇಲೆ. 1938ರಲ್ಲಿ ಎಲಾಗೆ ದೇಶವ್ಯಾಪಿ ಕೀರ್ತಿ ತಂದ ‘ಎ ಟಿಸ್ಕೆಟ್, ಎ ಟಾಸ್ಕೆಟ್’ ಮೂಲದಲ್ಲಿ ಮಕ್ಕಳು ಆಡುತ್ತ ಹೇಳುತ್ತಿದ್ದ ಪದ್ಯ. ಚಿಕ್ ವೆಬ್ ತಂಡದ ಹಿನ್ನೆಲೆಯಲ್ಲಿ ಆಟದ ಹಾಡು ಆಟವಾಗಿಯೇ ಉಳಿಯಿತು. ನಮ್ಮ ಹಾಲ್‌ನ ಟೀಪಾಯಿ ಭಾನುವಾರಗಳಂದು ಗೋಡೆಗೆ ಸರಿಯುತ್ತದೆ.

ಮೂರನೆಯದು, ಮಕ್ಕಳಿಗೆ ಗೊತ್ತಿರುವ ಕಡೆಯಿಂದಲೇ ಒಳಹೊಗಬೇಕು. ಡೇವ್ ಬ್ರೂಬೆಕ್ ತಂಡದ 1959ರ ‘ಟೇಕ್ ಫೈವ್’ ಐದು ಎಣಿಕೆಯದು. ಅದನ್ನು ರಚಿಸಿದವರು ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ನಾಲ್ಕರ ಲಯಕ್ಕೆ ಒಗ್ಗಿದ್ದ ಪಾಶ್ಚಾತ್ಯ ಕೇಳುಗರಿಗೆ ಅದು ವಿಚಿತ್ರವೆನಿಸಿತು. ಸಂಗೀತ ಪಾಠಕ್ಕೆ ಹೋಗುವ ನಮ್ಮ ಮಗುವಿಗೆ ಅದೇನೂ ವಿಚಿತ್ರವಲ್ಲ. ಖಂಡಚಾಪು ತಾಳ ‘ತಕ ತಕಿಟ’ ಎಂದು ನಡೆದರೆ, ‘ಟೇಕ್ ಫೈವ್’ ಅದನ್ನು ತಿರುಗಿಸಿ ‘ತಕಿಟ ತಕ’ ಎಂದು ನಡೆಯುತ್ತದೆ. ಮೊಮ್ಮಗಳು ತೊಡೆಯ ಮೇಲೆ ತಟ್ಟುತ್ತ ಈ ಅದಲುಬದಲನ್ನು ತಾನೇ ಕಂಡುಕೊಂಡಳು. ಬಾಯಿ ಬಿಡದೆ ಕೂರುವುದು ಆ ದಿನ ನನಗೆ ಬಹಳ ಕಷ್ಟವಾಯಿತು.

ನಮ್ಮ ಮನೆಗೆ ಬಂದ ಹಿರಿಯರೊಬ್ಬರು ಇದನ್ನೆಲ್ಲ ನೋಡಿ, “ದಾಸರನ್ನು ಬಿಟ್ಟು ಈ ಪರದೇಶದ ಗಲಾಟೆ ಮಕ್ಕಳಿಗೆ ಏಕಮ್ಮ?” ಎಂದು ಕೇಳಿದರು. ಪ್ರಶ್ನೆ ಅಲಕ್ಷಿಸುವಂಥದ್ದಲ್ಲ. ತಾಯಿಬೇರು ಗಟ್ಟಿಯಾಗದ ಗಿಡ ಯಾವ ಮಳೆಯನ್ನೂ ಹಿಡಿದಿಡಲಾರದು. ಆದರೆ ದಾಸರನ್ನು ಬಿಟ್ಟವರು ಯಾರು? ಮಗು ವಾರಕ್ಕೆರಡು ದಿನ ಪಾಠಕ್ಕೆ ಹೋಗುತ್ತದೆ. ಒಂದು ಸಂಗೀತವನ್ನು ಪ್ರೀತಿಸಿದ ಕಿವಿ ಇನ್ನೊಂದಕ್ಕೆ ಕಿವುಡಾಗಬೇಕೆಂಬ ನಿಯಮವೇನೂ ಇಲ್ಲ.

ಇದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ಆ ವಾದ್ಯವನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಬಾಗಿಸಿದರು. ಮುಂಬೈನ ಜಾಝ್ ಉತ್ಸವದಲ್ಲಿ 1980ರಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸ್ಯಾಕ್ಸೊಫೋನ್ ನಮ್ಮ ಮದುವೆ ಮನೆಯ ವಾದ್ಯವೂ ಆಗಿತ್ತು. ಇನ್ನೊಂದು ದಿಕ್ಕಿನಿಂದ, ಬಾಸ್ಟನ್ನಿನಲ್ಲಿ ಹುಟ್ಟಿದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ದಕ್ಷಿಣ ಭಾರತದ ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಲಾವಿದರೊಂದಿಗೆ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು, 1983ರಲ್ಲಿ. ನಾಗಸ್ವರದ ಮನೆಯವನು ಸ್ಯಾಕ್ಸೊಫೋನ್ ಹಿಡಿದ, ಸ್ಯಾಕ್ಸೊಫೋನ್ ಹಿಡಿದವನು ನಾಗಸ್ವರಕ್ಕೆ ಸೋತ. ಇಬ್ಬರೂ ತಮ್ಮ ಬೇರನ್ನು ಕಳೆದುಕೊಳ್ಳಲಿಲ್ಲ.

ಎರಡೂ ಸಂಗೀತಗಳ ನಡುವಿನ ನಿಜವಾದ ನೆಂಟಸ್ತನ ಮನೋಧರ್ಮದಲ್ಲಿದೆ. ಅಲ್ಲಿಯೂ ಇಲ್ಲಿಯೂ ಕಲಾವಿದ ಕಲಿತದ್ದನ್ನು ಒಪ್ಪಿಸಿ ಎದ್ದು ಹೋಗುವುದಿಲ್ಲ. ಸಭೆಯ ಎದುರಿನಲ್ಲಿಯೇ ಆಲೋಚಿಸುತ್ತಾನೆ. ಹಾಗೆ ಆಲೋಚಿಸುವವನು ಎಡವುವ ಅಪಾಯವನ್ನೂ ಒಪ್ಪಿಕೊಂಡಿರುತ್ತಾನೆ. ನಮ್ಮ ಮಕ್ಕಳ ಸಂಗೀತ ಶಿಕ್ಷಣದಲ್ಲಿ ಈ ಭಾಗ ಎಲ್ಲಿ ಹೋಯಿತು? ಜೂನಿಯರ್, ಸೀನಿಯರ್ ಪರೀಕ್ಷೆಗಳು, ಟಿ.ವಿ.ಯ ರಿಯಾಲಿಟಿ ಷೋಗಳು, ಅಂತರಶಾಲಾ ಸ್ಪರ್ಧೆಗಳು, ಇವೆಲ್ಲವೂ ಸೇರಿ ಹಾಡುವುದನ್ನು ತಪ್ಪಿಲ್ಲದ ಒಪ್ಪಿಸುವಿಕೆಯಾಗಿ ಮಾಡಿವೆ. ಕಲ್ಪನಾಸ್ವರ ಕಲಿಯುವ ಹಂತಕ್ಕೆ ಬರುವ ಮೊದಲೇ ಹತ್ತನೆಯ ತರಗತಿಯ ನೆಪದಲ್ಲಿ ಎಷ್ಟೋ ಮಕ್ಕಳ ಪಾಠ ನಿಲ್ಲುತ್ತದೆ. ಅವರ ನೆನಪಿನಲ್ಲಿ ಉಳಿಯುವುದು ರಾಗವಲ್ಲ, ಮರೆತ ಸಾಲು.

ಇಲ್ಲಿ ಜಾಝ್ ಚರಿತ್ರೆ ಮಗುವಿಗೆ ಹೇಳಲು ಯೋಗ್ಯವಾದ ಕತೆಗಳನ್ನು ಕೊಡುತ್ತದೆ. 1926ರಲ್ಲಿ ‘ಹೀಬಿ ಜೀಬೀಸ್’ ಮುದ್ರಿಸುವಾಗ ಸಾಹಿತ್ಯದ ಹಾಳೆ ಕೈಜಾರಿ ಬಿದ್ದಿತೆಂದೂ ಅದಕ್ಕೇ ತಾವು ಅರ್ಥವಿಲ್ಲದ ಅಕ್ಷರಗಳನ್ನು ಹಾಡಿದ್ದೆಂದೂ ಆರ್ಮ್‌ಸ್ಟ್ರಾಂಗ್ ಹೇಳುತ್ತಿದ್ದರು. ಚರಿತ್ರಕಾರರು ಈ ಕತೆಯನ್ನು ಪೂರ್ತಿ ನಂಬುವುದಿಲ್ಲ. ಸ್ಕ್ಯಾಟ್ ಎಂಬ ಆ ಗಾಯನ ಅದಕ್ಕೂ ಮೊದಲೇ ಇತ್ತು. ಅದು ಮನೆಮಾತಾದದ್ದು ಮಾತ್ರ ಈ ಹಾಡಿನಿಂದ. ಪಿಯಾನೊ ವಾದಕ ಹರ್ಬಿ ಹ್ಯಾನ್ಕಾಕ್ ಹೇಳುವ ಇನ್ನೊಂದು ಪ್ರಸಂಗವಿದೆ. 1960ರ ದಶಕದಲ್ಲಿ ಯುರೋಪಿನ ಕಛೇರಿಯೊಂದರಲ್ಲಿ, ಮೈಲ್ಸ್ ಡೇವಿಸ್ ಟ್ರಂಪೆಟ್ ನುಡಿಸುತ್ತಿದ್ದಾಗ ಹ್ಯಾನ್ಕಾಕ್ ಸ್ಪಷ್ಟವಾಗಿ ತಪ್ಪಾದ ಒಂದು ಸ್ವರಮೇಳವನ್ನು ಒತ್ತಿಬಿಟ್ಟರು. ಎಲ್ಲವನ್ನೂ ಕೆಡಿಸಿದೆನೆಂದು ಕುಗ್ಗಿಹೋದರು. ಮೈಲ್ಸ್ ಕ್ಷಣಕಾಲ ತಡೆದು, ಆ ತಪ್ಪನ್ನೇ ಸರಿಯೆನಿಸುವಂಥ ಸ್ವರಗಳನ್ನು ನುಡಿಸಿದರು. ಮೈಲ್ಸ್ ಅದನ್ನು ತಪ್ಪೆಂದು ಎಣಿಸಲೇ ಇಲ್ಲ, ನಡೆದುಹೋದ ಒಂದು ಸಂಗತಿಯೆಂದು ಸ್ವೀಕರಿಸಿದರು ಎಂಬುದು ಹ್ಯಾನ್ಕಾಕ್ ಆ ರಾತ್ರಿಯಿಂದ ಕಲಿತದ್ದು.

ಹಾಗೆಂದು ಜಾಝ್‌ನಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಸುಳ್ಳಾದೀತು. ಬರ್ಲಿನ್ ವೇದಿಕೆಯಲ್ಲಿ ಎಲಾ ಮುಗ್ಗರಿಸಿಯೂ ಬೀಳದೆ ಉಳಿದದ್ದಕ್ಕೆ ಇಪ್ಪತ್ತೈದು ವರ್ಷಗಳ ಅವಿರತ ಹಾಡುಗಾರಿಕೆಯ ಬಲ ಬೆನ್ನಿಗಿತ್ತು. 1934ರಲ್ಲಿ ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಗೆ ಆಕೆ ಹೋದದ್ದು ನೃತ್ಯ ಮಾಡಲು. ಅವಳಿಗಿಂತ ಮುಂಚೆ ಕುಣಿದವರನ್ನು ಕಂಡು ಕಾಲು ನಡುಗಿ, ಹಾಡಿಬಿಟ್ಟಳು, ಗೆದ್ದಳು. ಹದಿನೇಳರ, ತಾಯಿಯಿಲ್ಲದ ಹುಡುಗಿ. ಅಂದು ನಡುಗಿದವಳೇ ಮುಂದೆ ನಡುಗದಂತಾದದ್ದು ಸಾಧನೆಯಿಂದ. ಅಭ್ಯಾಸ ಬೇಕೇ ಬೇಕು. ಆದರೆ ತಪ್ಪಿದಾಗ ಅವಮಾನಿಸಿದರೆ ಅಭ್ಯಾಸ ಹೆಚ್ಚುವುದಿಲ್ಲ; ಹಾಡುವ ಆಸೆ ಕಡಿಮೆಯಾಗುತ್ತದೆ.

ಮಕ್ಕಳೊಂದಿಗೆ ಜಾಝ್ ಕೇಳುವುದರಲ್ಲಿ ಕಷ್ಟದ ಭಾಗವೊಂದಿದೆ. ಈ ಸಂಗೀತ ಗುಲಾಮಗಿರಿಯ ಗಾಯದಿಂದ ಬಂದದ್ದು. ಅದನ್ನು ಮುಚ್ಚಿಟ್ಟು ಬರಿಯ ಉಲ್ಲಾಸವನ್ನು ಉಣಿಸುವುದು ಸರಿಯೇ? ಬಿಲ್ಲಿ ಹಾಲಿಡೇ 1939ರಲ್ಲಿ ಮುದ್ರಿಸಿದ, ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದುದನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ನಾನಿನ್ನೂ ಮಕ್ಕಳಿಗೆ ಹಾಕಿಲ್ಲ. ಅದಕ್ಕೆ ವಯಸ್ಸಾಗಬೇಕು. ಆದರೆ ಆರ್ಮ್‌ಸ್ಟ್ರಾಂಗ್ ಅವರ ಬಾಲ್ಯವನ್ನು ಹೇಳಿದ್ದೇನೆ. ಕಡುಬಡತನದಲ್ಲಿ ಹುಟ್ಟಿ, ಕಾರ್ನೋಫ್‌ಸ್ಕಿ ಎಂಬ ಯಹೂದಿ ವಲಸಿಗರ ಗಾಡಿಯಲ್ಲಿ ದುಡಿದ ಹುಡುಗ. ಮೊದಲ ಕಾರ್ನೆಟ್ ಕೊಳ್ಳಲು ನೆರವಾದದ್ದೂ ಆ ಕುಟುಂಬವೇ. 1912ರ ಕೊನೆಯ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದು ಬಾಲಕರ ಸುಧಾರಣಾ ಗೃಹ ಸೇರಿದ. ಅಲ್ಲಿನ ವಾದ್ಯತಂಡದಲ್ಲಿ ಶಿಸ್ತಿನ ಸಂಗೀತಪಾಠ ಸಿಕ್ಕಿತು. ಸದಾ ನಗುತ್ತಿದ್ದ ಅದೇ ಮನುಷ್ಯ 1957ರಲ್ಲಿ, ಲಿಟ್ಲ್ ರಾಕ್ ಪಟ್ಟಣದ ಶಾಲೆಗೆ ಸೇರಲು ಹೋದ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ತಡೆದಾಗ ಸಿಡಿದೆದ್ದು, ಸರ್ಕಾರದ ಪರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋಗಬೇಕಿದ್ದ ಪ್ರವಾಸವನ್ನೇ ಕೈಬಿಟ್ಟರು. ಬ್ರೂಬೆಕ್ ಕತೆಯನ್ನೂ ಹೇಳಿದ್ದೇನೆ. ಅವರ ತಂಡದಲ್ಲಿ ಯೂಜೀನ್ ರೈಟ್ ಎಂಬ ಕಪ್ಪು ಕಲಾವಿದರಿದ್ದರೆಂಬ ಕಾರಣಕ್ಕೆ 1960ರಲ್ಲಿ ದಕ್ಷಿಣದ ಹಲವು ಕಾಲೇಜುಗಳು ಬದಲಿ ವಾದಕನನ್ನು ಕೇಳಿದವು. ಬ್ರೂಬೆಕ್ ಒಪ್ಪಲಿಲ್ಲ, ಕಛೇರಿಗಳನ್ನೇ ಕಳೆದುಕೊಂಡರು.

“ನಮ್ಮಲ್ಲೂ ಹಾಗೆ ಮಾಡ್ತಾರಾ ಅಜ್ಜೀ?” ಮೊಮ್ಮಗಳ ಮರುಪ್ರಶ್ನೆ ತಡವಾಗಲಿಲ್ಲ. ಅಮೆರಿಕದ ಕತೆ ಹೇಳುವುದು ಸುಲಭ, ಅದು ದೂರದ್ದು. ಮೃದಂಗದ ಚರ್ಮ ಹದಮಾಡುವ ಕೈಗಳಿಗೂ ಅದನ್ನು ನುಡಿಸುವ ಕೈಗಳಿಗೂ ನಡುವೆ ನಮ್ಮ ಸಮಾಜ ಎಬ್ಬಿಸಿದ ಗೋಡೆಯನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಲು ಪ್ರಯತ್ನಿಸಿದೆ. ಪೂರ್ತಿ ಹೇಳಿದೆನೆಂಬ ಸಮಾಧಾನ ನನಗಿಲ್ಲ. ಆದರೆ ಆ ಮಾತು ಮನೆಯಲ್ಲಿ ಶುರುವಾದದ್ದು ಪರದೇಶದ ಒಂದು ಹಾಡಿನಿಂದ ಎಂಬುದನ್ನು ಮಾತ್ರ ಆ ಹಿರಿಯರಿಗೆ ಹೇಳಬಯಸುತ್ತೇನೆ.

ಅಮೆರಿಕದಲ್ಲಿ ಲೆನಾರ್ಡ್ ಬರ್ನ್‌ಸ್ಟೈನ್ 1958ರಿಂದ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ತಂಡವನ್ನಿಟ್ಟುಕೊಂಡು ಮಕ್ಕಳಿಗೆಂದೇ ನಡೆಸಿಕೊಟ್ಟ ಕಛೇರಿಗಳು ಟಿ.ವಿ.ಯಲ್ಲಿ ಬರುತ್ತಿದ್ದವು; ಜಾಝ್ ಕುರಿತ ಕಛೇರಿಯೂ ಅವುಗಳಲ್ಲಿತ್ತು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1955ರಲ್ಲೇ ಮಕ್ಕಳಿಗಾಗಿ ಜಾಝ್ ಪುಸ್ತಕ ಬರೆದರು. ನಮ್ಮಲ್ಲಿ 1977ರಲ್ಲಿ ಆರಂಭವಾದ ಸ್ಪಿಕ್ ಮೆಕೆ ಶಾಲೆ ಕಾಲೇಜುಗಳಿಗೆ ದೊಡ್ಡ ಕಲಾವಿದರನ್ನು ಕರೆತರುತ್ತ ಬಂದಿದೆ. ಇಂಥ ಪ್ರಯತ್ನಗಳು ಹೆಚ್ಚಬೇಕು. ಶಾಲೆಗಳು ವಾರಕ್ಕೊಂದು ಅವಧಿಯನ್ನು, ಅಂಕವಿಲ್ಲದೆ, ಬಹುಮಾನವಿಲ್ಲದೆ, ಬರಿದೆ ಕೇಳುವುದಕ್ಕಾಗಿ ಬಿಟ್ಟುಕೊಟ್ಟರೆ ಖರ್ಚೇನೂ ಇಲ್ಲ. ಆದರೆ ಮೊದಲ ಕೆಲಸ ಮನೆಯದೇ. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಜೊತೆ ಇಯರ್‌ಫೋನುಗಳಲ್ಲಿ ನಾಲ್ಕು ಲೋಕಗಳನ್ನು ಕೇಳುತ್ತಾರೆ. ಜಗತ್ತಿನ ಸಂಗೀತವೆಲ್ಲ ಬೆರಳ ತುದಿಯಲ್ಲಿದೆ. ಪಕ್ಕದಲ್ಲಿ ಕೂತು ಕೇಳುವವರಿಲ್ಲ. ನಿಮ್ಮ ಪ್ರೀತಿ ಜಾಝ್ ಆಗಿರಬೇಕಿಲ್ಲ. ಕಾಳಿಂಗರಾಯರಿರಬಹುದು, ಮಲ್ಲಿಕಾರ್ಜುನ ಮನ್ಸೂರರಿರಬಹುದು, ಯಕ್ಷಗಾನದ ಭಾಗವತಿಕೆ ಇರಬಹುದು. ಚಾಪೆಯ ಮೇಲೆ ಮಗುವಿಗೊಂದು ಜಾಗ ಮಾಡಿಕೊಟ್ಟು, ಆಮೇಲೆ ಬಾಯಿ ಮುಚ್ಚಿಕೊಳ್ಳಬೇಕು, ಅಷ್ಟೇ.

ಮೊಮ್ಮಗಳ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಇಷ್ಟು: “ಇಲ್ಲ ಪುಟ್ಟಿ, ಅವರಿಗೆ ಯಾರೂ ಬೈಯಲಿಲ್ಲ. ನಿನಗೆ ನಾನು ಬೈಯಬಾರದಿತ್ತು.” ಅವಳು ಏನೂ ಹೇಳದೆ, ಹಾಡನ್ನು ಇನ್ನೊಮ್ಮೆ ಹಾಕಲು ಹೇಳಿದಳು. ಮುಂದಿನ ಸ್ಪರ್ಧೆಗೆ ಹೆಸರು ಕೊಡುವಳೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಿಲ್ಲ.

ಎರಡನೆಯ ಸಲ ಎಲಾ ಸಾಲು ಮರೆಯುವ ಹೊತ್ತಿಗೆ ತಲೆಯೆತ್ತಿ ನೋಡಿದರೆ, ಮಗ ಕಾಫಿ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದ. ಇಯರ್‌ಫೋನು ಕಿವಿಯಿಂದ ಇಳಿದು ಕೊರಳಲ್ಲಿತ್ತು. ಹಾಡು ಮುಗಿಯುವವರೆಗೂ ಅಲ್ಲೇ ಇದ್ದ. ಯಾವ ವರ್ಷದ್ದು, ಎಲ್ಲಿ ಹಾಡಿದ್ದು, ಪಿಯಾನೊ ಯಾರದ್ದು ಎಂದೆಲ್ಲ ನನ್ನ ನಾಲಿಗೆಯ ತುದಿಯವರೆಗೆ ಬಂತು. ಈ ಬಾರಿ ನಾನು ಏನೂ ಹೇಳಲಿಲ್ಲ.